ಜಿನಮತಿಯ ಮಡಿ

ಬೇಡಕಿಹಾಳದಲ್ಲಿ ಜಿನಮತಿಯನ್ನು ಎಲ್ಲರೂ ಮಡಿಕಾಕು, ಅಂದರೆ ಮಡಿಯ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಊರಿಗೆ ಜೈನ ಮುನಿಗಳು ಬಂದರೆ ಆಹಾರ ಸಿದ್ಧಮಾಡಲು ಮೊದಲ ಕರೆ ಅವಳಿಗೆ. ಬಾವಿನೀರನ್ನು ಬಟ್ಟೆಯಲ್ಲಿ ಸೋಸಿ, ಸ್ನಾನ ಮಾಡಿ, ಹಸಿ ಸೀರೆಯಲ್ಲೇ ಒಲೆ ಮುಂದೆ ಕೂಡುವಳು. ಒಣಗಲು ಹಾಕಿದ್ದನ್ನು ಯಾರಾದರೂ ಮುಟ್ಟಿರಬಹುದು, ತಾನೇ ಹಿಂಡಿದ ಹಸಿ ಬಟ್ಟೆಯನ್ನು ಯಾರೂ ಮುಟ್ಟಿರುವುದಿಲ್ಲ ಎಂಬುದು ಅವಳ ಅತ್ತೆ ಕಲಿಸಿದ ಲೆಕ್ಕ.

ಗಂಡ ತವನಪ್ಪನ ಎರಡೂ ಕಿಡ್ನಿ ಕೆಟ್ಟಾಗ ದೂರದ ಜಿಲ್ಲಾ ಆಸ್ಪತ್ರೆಯವರು ಎರಡು ದಾರಿ ಹೇಳಿದರು. ವಾರಕ್ಕೆ ಮೂರು ಸಲ ನಿಪ್ಪಾಣಿಗೆ ಹೋಗಿ ರಕ್ತ ಶುದ್ಧಮಾಡುವ ಮಶೀನಿಗೆ ಮೈಯೊಡ್ಡುವುದು, ಇಲ್ಲವೇ ಹೊಟ್ಟೆಗೆ ಶಾಶ್ವತವಾಗಿ ಒಂದು ನಳಿ ಹಾಕಿಸಿಕೊಂಡು ಮನೆಯಲ್ಲೇ ಚೀಲದ ದ್ರವವನ್ನು ಒಳಗೆ ಬಿಟ್ಟು, ಕೆಲವು ತಾಸಿನ ನಂತರ ಹೊರಗೆ ತೆಗೆಯುವುದು.

“ಮಶೀನಿಗೆ ಕಟ್ಟಿಸ್ಕೊಂಡು ಕುಂತ್ರ ಕಬ್ಬಿಗೆ ನೀರು ಯಾರ್ ಬಿಡ್ತಾರ? ನಾ ಮನೀ ಬಿಟ್ಟು ಬರಂಗಿಲ್ಲ,” ಎಂದ ತವನಪ್ಪ.

ಚೀಲ ಬದಲಿಸುವುದನ್ನು ಜಿನಮತಿಗೆ ಕಲಿಸಿದವಳು ನರ್ಸ್ ಉಜ್ವಲಾ. ಕೈ ತೊಳೆಯುವುದು, ಒರೆಸಿಕೊಳ್ಳುವುದು, ಮಾಸ್ಕ್, ಫ್ಯಾನ್ ಬಂದ್, ನಳಿಯ ಬಾಯಿ ಮುಟ್ಟದಿರುವುದು. ಜಿನಮತಿ ಗಾಬರಿಯಾದದ್ದನ್ನು ಕಂಡು ಅವಳ ಹೆಗಲ ಮೇಲೆ ಕೈಯಿಟ್ಟಳು.

“ಅಂಜಬ್ಯಾಡ್ರಿ ಕಾಕು. ಮುನಿಗಳಿಗೆ ಅಡಿಗಿ ಮಾಡೂವಾಗ ಹೆಂಗ ಮಡೀಲೆ ಇರ್ತೀರಿ, ಇದಕ್ಕೂ ಹಂಗ ಇರ್ರಿ. ಮುಗೀತು.”

ಆ ಆಸ್ಪತ್ರೆಯಲ್ಲಿ ಜಿನಮತಿಗೆ ಪೂರ್ತಿ ಅರ್ಥವಾದ ಮಾತು ಅದೊಂದೇ.

ಮನೆಯಲ್ಲಿ ಅವಳು ಪ್ರತಿ ಸಲವೂ ಸ್ನಾನ ಮಾಡಿದಳು. ಹಸಿ ಸೀರೆ, ಹಸಿ ಕುಪ್ಪಸ. ಸಾಬೂನಿನ ಕೈಯನ್ನು ಕೊನೆಗೆ ಸೋಸಿದ ನೀರಿನಿಂದ ತೊಳೆದಳು. ಕೈ ಒರೆಸಲು ಕೊಟ್ಟ ಕಾಗದವನ್ನು ಯಾರು ಮುಟ್ಟಿದ್ದರೋ ಎಂದು ದೂರವಿಟ್ಟಳು.

“ಇಷ್ಟ್ ಮಡಿ ಯಾಕ ಬೇ? ನಾ ಏನ್ ತೀರ್ಥಂಕರ ಆಗೇನೇನು?” ಎಂದು ತವನಪ್ಪ ನಗುತ್ತಿದ್ದ.

“ಸುಮ್ನ ಮಲಗ್ರಿ. ಬಾಯಿ ಮುಚ್ಚ್ರಿ, ಉಗುಳು ಸಿಡೀತೈತಿ.”

ಮಳೆಗಾಲದಲ್ಲಿ ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಕದಡಿತ್ತು. ಹೊಟ್ಟೆಯೊಳಗೆ ಸೋಂಕು. ಡಾಕ್ಟರು ಔಷಧಿ ಕೊಟ್ಟು, “ಸ್ವಚ್ಛ ಇಡಾಕ ಬರಂಗಿಲ್ಲೇನ್ರಿ ನಿಮಗ?” ಎಂದು ಗದರಿದರು. ಜಿನಮತಿ ತಲೆ ತಗ್ಗಿಸಿ ಬಂದಳು. ಅಂದಿನಿಂದ ತಲೆಗೂ ನೀರು ಹಾಕಿಕೊಂಡು ಚೀಲ ಬದಲಿಸತೊಡಗಿದಳು. ಸೋಂಕು ಮತ್ತೆ ಬಂತು. ಮೂರನೆಯ ಸಲಕ್ಕೆ ನಳಿ ತೆಗೆದುಹಾಕಿದರು.

ಹೀಗೆ ಸೋಂಕು ತಗುಲಿದವರ ಮನೆಗಳಲ್ಲಿ ಏನು ನಡೆಯುತ್ತದೆಂದು ಆಸ್ಪತ್ರೆ ಅಧ್ಯಯನ ಶುರುಮಾಡಿದ್ದು ಅದಾದ ಮೇಲೆ. ಉಜ್ವಲಾ ಬೇಡಕಿಹಾಳಕ್ಕೂ ಬಂದಳು. ಖಾಲಿ ಚೀಲ ಕೊಟ್ಟು, “ಹೆಂಗ ಮಾಡ್ತಿದ್ರಿ, ತೋರಸ್ರಿ ಕಾಕು,” ಎಂದಳು.

ಜಿನಮತಿ ಒಳಗೆ ಹೋಗಿ ಸ್ನಾನ ಮಾಡಿ ಬಂದು ಕೂತಳು. ಎರಡೂ ಕೈ ಕೆಳಗೆ ಚಾಚಿ ಚೀಲದ ನಳಿಯ ಮುಚ್ಚಳ ತಿರುವಿದಳು. ಕುಪ್ಪಸದ ತೋಳಿನಿಂದ ಇಳಿದ ನೀರು ಮಣಿಕಟ್ಟಿಗೆ ಬಂದು, ಬೆರಳ ತುದಿಯಿಂದ ನಳಿಯ ತೆರೆದ ಬಾಯಿಗೇ ತೊಟ್ಟಿಕ್ಕಿತು.

“ಅಯ್ಯ, ನಿಲ್ರಿ! ಹಸಿ ಅರಬ್ಯಾಗ ಮಾಡ್ತಿದ್ರಿ? ಹಿಂಗ ಮಾಡ್ರಿ ಅಂತ ಯಾರ್ ಹೇಳಿದ್ರು?”

“ನೀವ ಹೇಳಿದ್ರೆಲ್ಲ ತಂಗಿ. ಮಡೀಲೆ ಮಾಡ್ರಿ ಅಂತ.”

ಉಜ್ವಲಾ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡಳು. ಆಮೇಲೆ, ಸೋಸಿದ ನೀರಿನಲ್ಲೂ ಕಣ್ಣಿಗೆ ಕಾಣದ ಕ್ರಿಮಿ ಇರುತ್ತವೆ, ಒಣಗಿದ ಕೈಗಿಂತ ಒದ್ದೆ ಕೈಯಿಂದ ಅವು ಬೇಗ ದಾಟುತ್ತವೆ ಎಂದು ಮೆಲ್ಲಗೆ ತಿಳಿಸಿದಳು. ಜಿನಮತಿ ಹಸಿ ಸೀರೆಯಲ್ಲೇ ಕೇಳಿಸಿಕೊಂಡಳು.

“ಇವರಿಗೆ ಹೇಳಬ್ಯಾಡ್ರಿ,” ಎಂದಳು.

“ಕೇಳಸ್ತ,” ಎಂದ ತವನಪ್ಪ, ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದಲ್ಲಿಂದ. “ಸಿಸ್ಟರ್, ಈಗ ತಪ್ಪು ಗೊತ್ತಾತಲ್ಲ. ನಳಿ ಮತ್ತ ಹಾಕ್ತಾರೇನ್ರಿ?”

“ಇಲ್ರಿ ಕಾಕಾ. ಹೊಟ್ಟೀ ಒಳಗ ಎಲ್ಲಾ ಅಂಟಿಕೊಂಡೈತಿ. ಇನ್ನ ಆಗಂಗಿಲ್ಲ.”

“ಹಂಗಾರ ಗೊತ್ತಾಗಿ ಯಾರಿಗೆ ಏನ್ ಬಂತು?”

ಅದರ ಫಲ ಮುಂದೆ ಬೇರೆಯವರಿಗೆ ಬಂತು. ತರಬೇತಿಯಲ್ಲಿ ಮಡಿ ಎಂಬ ಮಾತನ್ನು ಬಿಟ್ಟು ‘ಒಣ ಕೈ, ಒಣ ಬಟ್ಟೆ’ ಎಂದು ಹೇಳಿಕೊಡತೊಡಗಿದರು. ಕಲಿತವರು ಮನೆಯಲ್ಲಿ ಮಾಡಿ ತೋರಿಸುವವರೆಗೂ ಬಿಡುತ್ತಿರಲಿಲ್ಲ. ಸೋಂಕು ಕಡಿಮೆಯಾಯಿತು. ಉಜ್ವಲಾ ಫೋನ್ ಮಾಡಿ ಅದನ್ನು ತಿಳಿಸಿ, ಕಾಗವಾಡ, ರಾಯಬಾಗದ ಹೊಸ ಕುಟುಂಬಗಳು ಬರುತ್ತಿವೆ, ನೀವೊಮ್ಮೆ ಇಲ್ಲಿಯ ಆಸ್ಪತ್ರೆಗೆ ಬಂದು ಅವರೊಡನೆ ಮಾತಾಡಿದರೆ ನಾಟುತ್ತದೆ ಎಂದು ಕೇಳಿಕೊಂಡಳು.

“ಯಾವತ್ತ?” ಎಂದಳು ಜಿನಮತಿ.

“ಗುರುವಾರ.”

“ಗುರುವಾರ ಇವರ ಮಶೀನಿನ ದಿನ, ತಂಗಿ. ನಾವು ನಿಪ್ಪಾಣ್ಯಾಗ ಇರ್ತೀವಿ.”