ಮೆಲ್ಲಗೆ ಹಾಕಿದ ಬಾಗಿಲು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಟ್ರ್ಯಾಕ್ ಅಕ್ಕ ಎಂದೇ ಕರೆಯುತ್ತಿದ್ದರು. ಹೆಸರಾಂತ ಗಾಯಕರು ಬಂದು ಹಾಡುವುದಕ್ಕೆ ಮೊದಲು, ಇಡೀ ಹಾಡನ್ನು ಒಮ್ಮೆ ಹಾಡಿಟ್ಟು ಹೋಗುವುದು ಅವಳ ಕೆಲಸ. ಅವರು ಆ ಟ್ರ್ಯಾಕನ್ನು ಕಿವಿಯಲ್ಲಿ ಕೇಳಿಕೊಂಡು ಕಲಿತು, ತಮ್ಮ ದನಿಯಲ್ಲಿ ಹಾಡುತ್ತಾರೆ. ಆಮೇಲೆ ಇವಳ ದನಿಯನ್ನು ಅಳಿಸಿಬಿಡುತ್ತಾರೆ. ಹದಿನೆಂಟು ವರ್ಷ ಹೀಗೇ ಹಾಡಿದ್ದಾಳೆ. ಅಯ್ಯೋ ಪಾಪ ಎನ್ನಬೇಡಿ, ಅವಳಿಗೇ ಇಲ್ಲದ ದುಃಖ ನಮಗ್ಯಾಕೆ? "ಅಳಿಸಿಹೋಗೋ ಹಾಡಲ್ಲಿ ಅಪಸ್ವರ ಬಂದ್ರೂ ಬೈಯೋರಿಲ್ಲ" ಎಂದು ನಗುತ್ತಿದ್ದಳು.

ಅವಳಿಗಿದ್ದ ಚಟ ಒಂದೇ, ಕುತೂಹಲ. ಯಾವ ಹಾಡು ಕೊಟ್ಟರೂ ರಾಗಕ್ಕಿಂತ ಮೊದಲು ಅದರ ಹಿಂದಿನ ಕತೆ ಬೇಕು. ಇದು ಯಾರಿಗಾಗಿ ಬರೆದದ್ದು? ಆ ಹುಡುಗಿಗೆ ಈಗ ಮದುವೆಯಾಗಿದೆಯಾ? ಆಗಿದ್ದರೆ ಗಂಡನಿಗೆ ಈ ಹಾಡು ಗೊತ್ತಾ? ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ಮೈಕಿನ ಮುಂದೆ ನಿಂತು ಬಳೆ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಡುತ್ತಾ, ಸದ್ದಾಗುತ್ತದೆಂದು ಫ್ಯಾನು ಆರಿಸುವಷ್ಟರಲ್ಲಿ ಅರ್ಧ ಕತೆ ಹೊರಗೆ ತೆಗೆದಿರುತ್ತಿದ್ದಳು.

ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಗಂಡ ಇಲ್ಲ. ಇಲ್ಲ ಎಂದರೆ ಎಲ್ಲೋ ಇದ್ದಾನೆ, ಈ ಮನೆಯಲ್ಲಿಲ್ಲ ಅಷ್ಟೇ. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಬ್ಯಾಗು ತೆಗೆದುಕೊಂಡು ಹೊರಟುಹೋದ. ಹೊಡೆಯುವವನಲ್ಲ, ಕುಡಿಯುವವನಲ್ಲ. ಮಾತೇ ಆಡದವನು. ಹೋಗುವುದಕ್ಕೆ ಮೊದಲು ಮೂರು ವರ್ಷ ಮನೆಯಲ್ಲಿ ಮುಖ ಗಂಟು ಹಾಕಿಕೊಂಡು ಓಡಾಡಿದ. ಕೇಳಿದರೆ ಏನಿಲ್ಲ, ಕೇಳದಿದ್ದರೂ ಏನಿಲ್ಲ. ಅವನು ಹೋದ ಮೇಲೆ ನೆಂಟರೆಲ್ಲ ಸೊಸೆಯ ಕಡೆ ಬೆರಳು ತೋರಿಸಿದರು. ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು. "ನನ್ನ ಮಗ ಹೇಡಿ. ಅವಳು ಮಲಗಿದ್ದಾಗ ಕದ್ದು ಓಡಿಹೋಗಿದ್ದಾನೆ. ಎಚ್ಚರ ಇದ್ದಿದ್ರೆ ಅವಳು ಬಿಡ್ತಿದ್ಲಾ?" ಎಂದು ಒಬ್ಬೊಬ್ಬರ ಬಾಯಿಯನ್ನೂ ಮುಚ್ಚಿಸಿದರು. ಮಗಳು ತನ್ನ ಮನೆಗೆ ಕರೆದರೂ ಹೋಗದೆ ಸೊಸೆಯ ಜೊತೆಗೇ ಉಳಿದರು.

ಆದರೆ ಅವಳು ಮಲಗಿರಲಿಲ್ಲ.

ಅತ್ತೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿದ್ದರು. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು ಬಿದ್ದುಕೊಂಡಿದ್ದಳು. ಬ್ಯಾಗಿನ ಜಿಪ್ಪು ಎಳೆದದ್ದು ಕೇಳಿಸಿತು, ಚಪ್ಪಲಿ ಹಾಕಿಕೊಂಡದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಮೆಲ್ಲಗೆ, ಬಹಳ ಮೆಲ್ಲಗೆ ಹಾಕಿಕೊಂಡದ್ದೂ ಕೇಳಿಸಿತು. ತಿರುಗಿ ಒಂದು ಮಾತು ಕೇಳಿದ್ದರೆ ನಿಲ್ಲುತ್ತಿದ್ದನೋ ಏನೋ. ಅವಳು ತಿರುಗಲಿಲ್ಲ. ಸಂಜೆ ಅತ್ತೆ ಗಾಬರಿಯಿಂದ ಕೇಳಿದಾಗ "ನಾನು ಮಲಗಿದ್ದೆ, ಗೊತ್ತೇ ಆಗ್ಲಿಲ್ಲ" ಎಂದಳು. ಆ ಒಂದು ಸುಳ್ಳಿನ ಮೇಲೆ ಹನ್ನೊಂದು ವರ್ಷದ ಮನೆ ನಿಂತಿತ್ತು. ಅತ್ತೆಗೆ ಇದು ತಿಳಿದರೆ, ನನ್ನ ಮಗನನ್ನು ಕೈಯಾರೆ ಕಳಿಸಿಕೊಟ್ಟವಳಾ ನೀನು ಎಂದು ಕೇಳಿದರೆ, ಆಮೇಲೆ ಆ ಮನೆಯಲ್ಲಿ ಇಬ್ಬರು ಇರುವುದುಂಟೇ? ಇದೊಂದರ ಬಗ್ಗೆ ಮಾತ್ರ ಅವಳು ತನ್ನ ಕುತೂಹಲಕ್ಕೂ ಬೀಗ ಹಾಕಿಟ್ಟಿದ್ದಳು.

ಈಗ ಹಾಡಿನ ವಿಷಯ.

ಅವತ್ತು ಬೆಳಿಗ್ಗೆ ಹತ್ತಕ್ಕೆ ಸ್ಟುಡಿಯೋಗೆ ಹೋದರೆ, ಸಂಗೀತದ ಹುಡುಗ ಸೋಫಾದ ಈ ತುದಿಯಲ್ಲಿ, ಸಾಹಿತ್ಯದ ಹುಡುಗಿ ಆ ತುದಿಯಲ್ಲಿ. ಹಿಂದಿನ ತಿಂಗಳವರೆಗೂ ಒಂದೇ ಲೋಟದಲ್ಲಿ ಚಹಾ ಕುಡಿಯುತ್ತಿದ್ದ ಜೋಡಿ. ಬ್ರೇಕಪ್ ಹಾಡು ಬೇಕೆಂದು ಕಂಪನಿಯವರು ಹೇಳಿದ್ದರು. ಹಾಡು ಬರುವುದಕ್ಕೆ ಮೊದಲೇ ಬ್ರೇಕಪ್ ಬಂದು ಕೂತಿತ್ತು.

"ಅಕ್ಕಾ, ಬರೆದವರಿಗೆ ಹೇಳಿ, ಮೂರನೇ ಸಾಲು ರಾಗಕ್ಕೆ ಕೂರ್ತಾ ಇಲ್ಲ" ಎಂದ ಹುಡುಗ, ಗಾಜಿನ ಕೋಣೆಯಲ್ಲಿ ನಿಂತಿದ್ದ ಅವಳಿಗೆ ಮೈಕಿನಲ್ಲಿ.

"ಅಕ್ಕಾ, ರಾಗ ಹಾಕಿದವರಿಗೆ ಹೇಳಿ, ಕೂರೋಕೆ ಜಾಗ ಕೊಟ್ರೆ ಕೂರುತ್ತೆ" ಎಂದಳು ಹುಡುಗಿ, ಅದೇ ಮೈಕನ್ನು ಕಿತ್ತುಕೊಂಡು.

"ನಿಮ್ಮಿಬ್ಬರ ಮಧ್ಯೆ ಇರೋದು ಮೂರಡಿ ಕಣ್ರಪ್ಪಾ. ನಾನು ಗಾಜಿನ ಆಚೆ ಇದ್ದೀನಿ, ನನ್ನ ಯಾಕೆ ಪೋಸ್ಟ್‌ಮ್ಯಾನ್ ಮಾಡ್ತೀರಿ?" ಎಂದಳು ಟ್ರ್ಯಾಕ್ ಅಕ್ಕ. ಬಾಯಿಗೆ ಹಾಗಂದರೂ ಒಳಗೊಳಗೆ ಖುಷಿ. ಯಾರು ಯಾರನ್ನು ಬಿಟ್ಟದ್ದು? ತಲೆ ತಿನ್ನುತ್ತಿತ್ತು ಆ ಪ್ರಶ್ನೆ.

ಪಲ್ಲವಿ ಚೆನ್ನಾಗಿತ್ತು. "ನಿನ್ನ ನಂಬರು ಇನ್ನೂ ಇದೆ, ಹೆಸರು ಮಾತ್ರ ಅಳಿಸಿದೆ" ಅಂತ. ಮೊದಲ ಚರಣವೂ ಮುಗಿಯಿತು. ಅಷ್ಟರಲ್ಲಿ ಹುಡುಗನಿಗೆ ಕಂಪನಿಯಿಂದ ಫೋನು ಬಂತು, ಹೊರಗೆ ಹೋದ. ಹುಡುಗಿ ಎರಡನೇ ಚರಣದ ಹಾಳೆಯನ್ನು ತಂದು ಸ್ಟ್ಯಾಂಡಿನ ಮೇಲಿಟ್ಟಳು. ಕೊನೆಯ ಎರಡು ಸಾಲಿನ ಜಾಗದಲ್ಲಿ ಬರೀ ಚುಕ್ಕಿಗಳು.

"ಇದು?"

"ನನ್ನ ಕೈಲಿ ಆಗಲ್ಲ ಅಕ್ಕಾ. ಅಷ್ಟು ಗೊತ್ತಿದ್ರೆ ಅವನೇ ಬರ್ಕೊಳ್ಳಲಿ" ಎಂದು ಚೀಲ ಹೆಗಲಿಗೇರಿಸಿ ಹೊರಟೇಹೋದಳು.

ಮಾತಿಲ್ಲದ ಕಡೆ ಬಾಯಿಗೆ ಬಂದದ್ದನ್ನು ಹಾಡಿ ಜಾಗ ತುಂಬಿಸುವುದು ಈ ಕಸುಬಿನ ಪದ್ಧತಿ. ಅದಕ್ಕೆ ಡಮ್ಮಿ ಎನ್ನುತ್ತಾರೆ. ಆಮೇಲೆ ಬರೆಯುವವರು ನಿಜವಾದ ಸಾಲು ಕೂರಿಸುತ್ತಾರೆ. ಟ್ರ್ಯಾಕ್ ಅಕ್ಕನ ಡಮ್ಮಿಗಳು ಹೆಸರುವಾಸಿ. "ಗ್ಯಾಸು ಮುಗಿದಿದೆ ಓ ಪ್ರಿಯಾ, ತಂತಿಯ ಮೇಲಿವೆ ಬಟ್ಟೆಗಳು" ಎಂದು ಎಂಥ ವಿರಹಗೀತೆಯಲ್ಲೂ ಮನೆವಾರ್ತೆ ಸೇರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಅವತ್ತೂ ಹಾಗೇ ಏನೋ ಹಾಡಬೇಕೆಂದು ಬಾಯಿ ತೆರೆದಳು. ಗಾಜಿನ ಆಚೆ ರೆಕಾರ್ಡಿಂಗ್ ಇಂಜಿನಿಯರ್ ಒಬ್ಬನೇ. ಅವನು ಪರದೆಯ ಮೇಲೆ ಕುಣಿಯುವ ಗೆರೆ ನೋಡುವವನೇ ಹೊರತು ಮಾತು ಕೇಳುವವನಲ್ಲ. ರಾಗ ಮೇಲೇರಿ ಇಳಿಯುವ ಹೊತ್ತಿಗೆ ಬಾಯಿಂದ ಬಂದದ್ದು ಇದು:

ಬಾಗಿಲು ಮೆಲ್ಲಗೆ ಹಾಕಿ ಹೋದೆ ನಿದ್ದೆ ಕೆಡದಿರಲೆಂದು
ಎದ್ದೇ ಇದ್ದೆ ಗೋಡೆಗೆ ತಿರುಗಿ, ಕರೆಯಲಿಲ್ಲ ನಾನಂದು

ಹಾಡಿ ಮುಗಿಸಿ ಬಳೆ ಹಾಕಿಕೊಂಡಳು. ಹೋಗಲಿ, ಡಮ್ಮಿ ತಾನೆ, ನಾಳೆ ಅಳಿಸಿಹೋಗುತ್ತೆ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದಳು. ಹನ್ನೊಂದು ವರ್ಷದಿಂದ ಹೊಟ್ಟೆಯಲ್ಲಿದ್ದದ್ದನ್ನು ಒಮ್ಮೆಯಾದರೂ ಗಟ್ಟಿಯಾಗಿ ಹೇಳಿದೆನಲ್ಲ ಎಂದು ಹಗುರವೂ ಆಗಿತ್ತು.

ವಾರದ ಮೇಲೆ ಕೋರಸ್ಸಿಗೆಂದು ಮತ್ತೆ ಕರೆದರು. ಹೋಗಿ ನೋಡಿದರೆ, ಹೆಸರಾಂತ ಗಾಯಕಿ ಗಾಜಿನ ಆಚೆ ಕಣ್ಣು ಮುಚ್ಚಿಕೊಂಡು "ಬಾಗಿಲು ಮೆಲ್ಲಗೆ" ಎಂದು ಹಾಡುತ್ತಿದ್ದಾಳೆ. ಸಂಗೀತದ ಹುಡುಗನನ್ನು ಮೂಲೆಗೆ ಎಳೆದುಕೊಂಡು ಹೋದಳು.

"ಲೋ, ಅದು ಡಮ್ಮಿ ಕಣೋ! ನಾನು ಬಾಯಿಗೆ ಬಂದಿದ್ದು ಹಾಡಿದ್ದು. ತೆಗೆದುಹಾಕು."

ಅವನು ನಕ್ಕ. "ಅಕ್ಕಾ, ನಿಮ್ಮ ಡಮ್ಮಿ ನಂಗೊತ್ತಿಲ್ವಾ? ಅದರಲ್ಲಿ ಗ್ಯಾಸು, ಬಕೆಟ್ಟು ಇರುತ್ತೆ. ಹಾಳೇಲಿ ಚುಕ್ಕಿ ಇಟ್ಟು ನಿಮಗೆ ಬಾಯಲ್ಲಿ ಹೇಳಿ ಹೋಗಿದ್ದಾಳೆ, ಇದು ಅವಳು ಬರೆದಿದ್ದು. ನಂಗೋಸ್ಕರ. ನೀವು ಅವಳ ಮಾನ ಕಾಪಾಡೋಕೆ ನೋಡ್ತಿದ್ದೀರಾ." ಹಾಗೆಂದವನ ಕಣ್ಣು ಒದ್ದೆಯಾಗಿತ್ತು. ಹದಿನೆಂಟು ವರ್ಷ ಸುಮ್ಮನೆ ಹಾಡಿಕೊಂಡಿದ್ದವಳು ಮೊದಲ ಸಲ ನನ್ನದು ಎಂದರೆ, ನಂಬುವವರೇ ಇಲ್ಲ! ಎಂಥ ಗ್ರಹಚಾರ ನೋಡಿ.

ಹುಡುಗಿಯನ್ನು ಹುಡುಕಿಕೊಂಡು ಹೋದಳು. ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿ ತಾನಾಗಿಯೇ ಶುರು ಮಾಡಿದಳು. "ಆ ಸಾಲು ಕೇಳಿದ್ರಾ ಅಕ್ಕಾ? ಅವನು ನನ್ನ ಬಿಟ್ಟುಹೋಗಿದ್ದು ಹಾಗೇ. ಜಗಳ ಇಲ್ಲ, ಮೆಸೇಜಿಲ್ಲ. ನಾನೂ ಯಾಕೆ ಅಂತ ಕೇಳ್ಲಿಲ್ಲ. ನಂಗೆ ಏನಾಗಿತ್ತು ಅಂತ ಅವನಿಗೆ ಗೊತ್ತೇ ಇಲ್ಲ ಅಂದ್ಕೊಂಡಿದ್ದೆ. ಗೊತ್ತಿದೆ. ಬರೆದಿದ್ದಾನಲ್ಲ."

ಯಾರು ಯಾರನ್ನು ಬಿಟ್ಟದ್ದು ಎಂಬುದಕ್ಕೆ ಅಕ್ಕನಿಗೆ ಉತ್ತರವೇನೋ ಸಿಕ್ಕಿತು. ಅದು ಅವನದಲ್ಲ ನನ್ನದು ಎಂದರೆ ಈ ಮಗುವಿನ ಮುಖದಲ್ಲಿ ಬಂದಿರುವ ಕಳೆ ಹೋಗುತ್ತದೆ. ನನ್ನದು ಎಂದ ಮೇಲೆ ಯಾವ ಬಾಗಿಲು, ಯಾರು ಹೋದರು ಎಂಬ ಪ್ರಶ್ನೆ ಬೇರೆ. ಅತ್ತ ದರಿ ಇತ್ತ ಪುಲಿ. ಒಳಗೆ ಹೋಗಿ ಕೋರಸ್ಸು ಹಾಡಿ ಮನೆಗೆ ಬಂದಳು.

ಹಾಡು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಬಿಡುಗಡೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಆ ಎರಡು ಸಾಲು ಎಲ್ಲರ ಫೋನಿನಲ್ಲೂ. ಯಾರೋ ಬಾಗಿಲು ಹಾಕುತ್ತಾ ವಿಡಿಯೋ ಮಾಡಿದರು, ಇನ್ಯಾರೋ ಗೋಡೆಗೆ ತಿರುಗಿ ಮಲಗಿ ಮಾಡಿದರು. ಕಾಲೇಜು ಹುಡುಗಿಯರು ಬಸ್ಸಿನಲ್ಲಿ ಗುಂಪಾಗಿ ಹಾಡಿದರು. ಟ್ರ್ಯಾಕ್ ಅಕ್ಕನಿಗೆ ಎಲ್ಲಿ ಕಿವಿ ಇಟ್ಟರೂ ತನ್ನದೇ ಗುಟ್ಟು.

ಊರೆಲ್ಲ ಕೇಳಲಿ, ಅದು ಚಿಂತೆಯಲ್ಲ. ಚಿಂತೆ ಇದ್ದದ್ದು ಒಂದು ಜೊತೆ ಕಿವಿಯದು. ಸೊಸೆ ಟ್ರ್ಯಾಕ್ ಹಾಡಿದ ಪ್ರತಿಯೊಂದು ಹಾಡನ್ನೂ ಬಿಡುಗಡೆಯ ದಿನವೇ ಕೇಳಿ, "ಇಲ್ಲಿ ನಿನ್ನ ಹಾಗೇ ಎಳೆದಿದ್ದಾಳೆ ನೋಡು, ಕಳ್ಳಿ" ಎಂದು ಹೆಸರಾಂತ ಗಾಯಕಿಯರನ್ನೆಲ್ಲ ಬೈಯುವುದು ಅತ್ತೆಯ ವ್ರತ. ಪ್ರಪಂಚದಲ್ಲಿ ಅವಳಿಗಿದ್ದ ಒಬ್ಬರೇ ಅಭಿಮಾನಿ ಅವರು.

"ಆ ಬ್ರೇಕಪ್ಪು ಹಾಡು ಬಂತೇನೇ?"

"ಇಲ್ಲ ಅತ್ತೆ, ಮುಂದಕ್ಕೆ ಹಾಕಿದ್ದಾರೆ."

ಮರುದಿನ ಅತ್ತೆಯ ಫೋನಿನಲ್ಲಿ ಡೇಟಾ ಮುಗಿದಿದೆ ಎಂದಳು. ಅದರ ಮರುದಿನ ಫೋನೇ ಕೆಟ್ಟಿದೆ ಎಂದಳು. ಹೀಗೆ ಎಷ್ಟು ದಿನ? ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಲಾದೀತೇ? ಎಂಟನೆಯ ದಿನ ಸ್ಟುಡಿಯೋದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಳೆ, ಒಳಗೆ ಹಾಡು. ಅತ್ತೆ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು. ಪಕ್ಕದಲ್ಲಿ ಫೋನು.

"ಕೆಳಗಿನ ಮನೆ ಟೈಲರಮ್ಮ ಹಾಕ್ಕೊಟ್ರು. ಫೋನು ಕೆಟ್ಟಿಲ್ವಂತೆ" ಎಂದರು ಅತ್ತೆ, ತಲೆಯೆತ್ತದೆ. "ಕೂತ್ಕೋ."

ಅವಳು ಕೂತಳು. ಎರಡನೇ ಚರಣ ಬಂತು. ಬಾಗಿಲು ಬಂತು, ಗೋಡೆ ಬಂತು, ಹೋಯಿತು. ಅತ್ತೆ ಹಾಡು ನಿಲ್ಲಿಸಿದರು.

"ಇದು ಆ ಹುಡುಗಿ ಬರೆದಿದ್ದಲ್ಲ."

ಸುಳ್ಳು ಹೇಳಲು ಬಾಯಿ ತೆರೆದಳು, ಬರಲಿಲ್ಲ. "ಅಲ್ಲ ಅತ್ತೆ. ನಂದು." ಅಳು ಉಕ್ಕಿ ಬಂತು. "ನಾನು ಮಲಗಿರ್ಲಿಲ್ಲ. ಎಲ್ಲಾ ಕೇಳಿಸ್ತಿತ್ತು. ಒಂದು ಮಾತು ಕರೀಬಹುದಿತ್ತು, ಕರೀಲಿಲ್ಲ. ಹೋದ್ರೆ ಹೋಗ್ಲಿ ಅನ್ನಿಸ್ಬಿಡ್ತು. ನಿಮ್ಮ ಮಗನ್ನ ನಾನೇ ಕಳಿಸ್ಬಿಟ್ಟೆ. ಅವರು ಬಾಗಿಲು ಅಷ್ಟು ಮೆಲ್ಲಗೆ ಹಾಕಿದ್ರಲ್ಲ, ಅಷ್ಟು ಕಾಳಜಿ ಇದ್ದವರನ್ನ..."

"ಥೂ, ಸುಮ್ನಿರು" ಎಂದರು ಅತ್ತೆ. "ಯಾರೇ ಬಾಗಿಲು ಹಾಕಿದ್ದು? ಅವನಾ? ಅವನು ಹುಟ್ಟಿದಾಗಿನಿಂದ ಒಂದು ಬಾಗಿಲು ಹಾಕಿದ್ದು ನಾನು ಕಂಡಿಲ್ಲ. ಅವತ್ತೂ ಬಾಗಿಲು ಹಾರುಹೊಡೆದು ಹಾಗೇ ಬಿಟ್ಟುಹೋಗಿದ್ದ. ಊರಿಗೆ ಊರೇ ಕೂತ್ಕೊಂಡು ಅವನ ಕಾಳಜಿ ಹಾಡ್ತಿದೆ ನೋಡು! ಹಾಕಿದ್ದು ನಾನು ಕಣೇ."

"ನೀವು ಮಹಡಿ ಮೇಲೆ..."

"ಬಟ್ಟೆ ತಗೊಂಡು ಇಳಿದು ಬರ್ತಿದ್ದೆ. ಬ್ಯಾಗು ಹಿಡ್ಕೊಂಡು ಎದುರಿಗೇ ಬಂದ. ನನ್ನ ಮುಖ ನೋಡ್ದ. ಎಲ್ಲಿಗೋ ಅಂತ ಕೇಳ್ತೀನಿ ಅಂತ ಕಾದ. ಕೇಳಿದ್ರೆ ನಿಂತ್ಬಿಡ್ತಿದ್ದ, ಅಷ್ಟಕ್ಕೇ ಅವನು ಕಾಯ್ತಿದ್ದಿದ್ದು." ಅತ್ತೆ ಮಡಚಿದ ರವಿಕೆಯನ್ನು ಬಿಡಿಸಿ ಮತ್ತೆ ಮಡಚಿದರು. "ಮೂರು ವರ್ಷ ನೀನು ಆ ಮನುಷ್ಯನ ಮುಂದೆ ತಟ್ಟೆ ಇಟ್ಟು, ಏನಾದ್ರೂ ಮಾತಾಡ್ತಾನಾ ಅಂತ ಕಾಯೋದನ್ನ ನೋಡಿದ್ನಲ್ಲ. ನಾನು ಕೇಳ್ಲಿಲ್ಲ. ಗೋಡೆಗೆ ಸರಿದು ದಾರಿ ಬಿಟ್ಟೆ. ಆಮೇಲೆ ಒಳಗೆ ಬಂದು ಬಾಗಿಲು ಹಾಕ್ದೆ. ಸದ್ದಾದ್ರೆ ನೀನೆದ್ದು ಓಡಿಹೋಗಿ ಕರ್ಕೊಂಡು ಬಂದ್ಬಿಡ್ತೀಯ ಅಂತ ಭಯ ನಂಗೆ."

ಏನನ್ನೂ ಕೇಳದೆ ಬಿಡದ ಟ್ರ್ಯಾಕ್ ಅಕ್ಕನಿಗೆ ಅವತ್ತು ಕೇಳಲು ಒಂದೇ ಪ್ರಶ್ನೆ ಉಳಿದಿತ್ತು. ಅದೂ ಪಿಸುಮಾತಿನಲ್ಲಿ ಬಂತು. "ನಾನು ಎದ್ದಿದ್ದೆ ಅಂತ ನಿಮಗೆ ಗೊತ್ತಿತ್ತಾ?"

"ಹಾಕಿದ ಮೇಲೆ ಇಣುಕಿ ನೋಡ್ದೆ. ಮಲಗಿರೋರ ಬೆನ್ನು ಹಾಗಿರಲ್ಲ. ಸಂಜೆ ಗಾಬರಿಯಾದೋಳ ಹಾಗೆ ಕೇಳಿದ್ದೂ ನಾಟಕಾನೇ" ಎಂದರು ಅತ್ತೆ. "ನೆಂಟರ ಮುಂದೆ ನೀನು ಮಲಗಿದ್ದೆ ಅಂತ ನಾನು ಕೂಗಾಡಿದ್ದು ಮತ್ಯಾಕೆ ಅಂದ್ಕೊಂಡೆ? ಹೆತ್ತ ಮಗ ಹೋಗೋವಾಗ ಬಾಯಿ ಬಿಡ್ಲಿಲ್ಲ ನಾನು. ಅದು ಗೊತ್ತಾದ್ರೆ ನೀನೂ ನನ್ನ ಬಿಟ್ಟು ಹೋಗ್ಬಿಡ್ತೀಯೇನೋ ಅಂತ ಹನ್ನೊಂದು ವರ್ಷ ಹೆದರ್ಕೊಂಡಿದ್ದೆ."

ಅವಳು ಮಡಚಿಟ್ಟ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಅತ್ತೆಯ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.