ಕೆಂಪು ಪಾಚಿ ಕಂಡ ಮಾಣಿಕ ಮಾಸ್ತರರು

ಬೀದರ ಜಿಲ್ಲೆಯ ಭಾಲ್ಕಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಣಿಕ ಮಾಸ್ತರರಿಗೆ ಪಾಚಿ ಎಂದರೆ ಪ್ರಾಣ. ಬಾವಿ ಕಂಡಲ್ಲೆಲ್ಲ ಬಗ್ಗುವರು, ನೀರಿನ ಹೌದಿನ ಗೋಡೆ ಕೆರೆಯುವರು, ಪಾಚಿ ತುಂಬಿದ ಸೀಸೆಗಳನ್ನು ಮನೆಯ ಉಪ್ಪಿನಕಾಯಿ ಭರಣಿಗಳ ನಡುವೆಯೇ ಇಡುವರು. ಹಸಿರು, ಕಂದು, ಕೆಂಪು ಎಂದು ಬಣ್ಣದ ಮೇಲೆ ಪಾಚಿಯ ಗುಂಪು ಮಾಡುವ ಪಾಠವನ್ನು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸಿ ಹೇಳುವರು. “ಕಂದು, ಕೆಂಪು ನೀವು ನೋಡೀರೇನ್ರಿ ಸರ್?” ಎಂದು ಯಾರಾದರೂ ಕೇಳಿದರೆ, “ಅವು ಹೆಚ್ಚಾಗಿ ಸಮುದ್ರದಾಗ ಇರ್ತಾವ. ನಾ ಕಂಡಿದ್ದು ಹಸರ ಒಂದೇ, ಅದೂ ಜಾರಿ ಬಿದ್ದ ಮ್ಯಾಲ,” ಎಂದು ತಾವೇ ಮೊದಲು ನಗುವರು. ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ, ಉರ್ದುವಿನಲ್ಲಿ ಓದಿದ ತಾವು ಇನ್ನು ಕನ್ನಡದಲ್ಲಿ ಕಲಿಸುವುದು ಹೇಗೆಂದು ಉಳಿದ ಶಿಕ್ಷಕರು ತಲೆ ಕೆಡಿಸಿಕೊಂಡರು. ಮಾಸ್ತರರು ಮಾತ್ರ ರಾಜ್ಯದ ಹೊಸ ನಕಾಶೆಯಲ್ಲಿ ಕಾರವಾರ ಹುಡುಕಿ, “ಸಮುದ್ರ ಈಗ ನಮ್ಮದ ಆತ್ರಿ,” ಎಂದರು. ಬೇಸಿಗೆ ರಜೆಯಲ್ಲಿ ಹೆಂಡತಿ ಕೌಸಲ್ಯಾಬಾಯಿಯೊಂದಿಗೆ ಹೊರಟೇಬಿಟ್ಟರು. ಅಲ್ಲಿ ಬಂಡೆಗಳ ನಡುವೆ ಧೋತರ ನೆನೆಸಿಕೊಂಡು ನಿಂತಿದ್ದಾಗ ಅಲೆಯೊಂದು ಅವರ ಅಂಗೈಗೆ ಕೆಂಪು ಎಳೆಗಳನ್ನು ತಂದಿತು. “ಇದು ಯಾವ ಗುಂಪಿಂದ್ರಿ?” ಎಂದು ಕೌಸಲ್ಯಾಬಾಯಿ ಕೇಳಿದರು. ವರ್ಷಾನುಗಟ್ಟಲೆ ಆ ಹೆಸರನ್ನು ಒದರುತ್ತ ಬಂದಿದ್ದ ಮಾಸ್ತರರು ಅಂಗೈಯನ್ನು ಕಣ್ಣ ಹತ್ತಿರ ತಂದರು. “ತಡಿ,” ಎಂದರು, “ಮೊದಲ ಕಣ್ತುಂಬ ನೋಡ್ತೇನಿ.”