ಎರಡು ಸಲ ರಿಪೇರಿಯಾದ ಗಿಟಾರು

ವಿಷ್ಣುಮೂರ್ತಿ ಮದರಾಸಿನ ಗಿಂಡಿಯ ಒಂದು ಎರಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮರದ ಅಚ್ಚು ಕೆತ್ತಿದವರು. ಉಡುಪಿ ಕಡೆಯ ಹುಡುಗರೆಲ್ಲ ಮದರಾಸಿನ ಹೋಟೆಲುಗಳಿಗೆ ಸೇರುತ್ತಿದ್ದ ಕಾಲದಲ್ಲಿ, ದೋಸೆ ಕಾವಲಿಯ ಮುಂದೆ ಒಂದೇ ವಾರ ನಿಂತು, ಉಳಿ ಹಿಡಿಯಲು ಓಡಿಬಂದ ಮನುಷ್ಯ. ನಿವೃತ್ತರಾದ ಮೇಲೂ ಕೈ ಸುಮ್ಮನಿರಲಿಲ್ಲ. ಪಕ್ಕದ ಮನೆಯವರ ವೀಣೆಯ ಬಿರುಕು ಮುಚ್ಚಿದ್ದೇ ನೆಪ, ಈಗ ಬಾಲ್ಕನಿಯ ತುಂಬ ಗಿಟಾರುಗಳು. ಹೆಂಡತಿ ಅಕ್ಕು ಬಟ್ಟೆ ಒಣಗಿಸಲು ಮಹಡಿ ಹತ್ತಬೇಕು.

ಕಳೆದ ವರ್ಷ ಬೆಸೆಂಟ್ ನಗರದಿಂದ ತಮಿಳು ಬೆರೆಸಿ ಕನ್ನಡ ಮಾತಾಡುವ ರಂಜನಿ ಎಂಬಾಕೆ ಹಳೆಯ ಗಿಟಾರೊಂದನ್ನು ತಂದಳು.

"ಅಮ್ಮಂದು ಸಾರ್. ಮದುವೆಗೆ ಮುಂಚೆ ನುಡಿಸ್ತಿದ್ದಳಂತೆ. ಆಮೇಲೆ ಅಟ್ಟದ ಮೇಲೇ ಇತ್ತು. ಅವಳ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಸರ್‌ಪ್ರೈಸಾ ಕೊಡೋಣಾಂತ."

ಕಲ್ಕತ್ತದಲ್ಲಿ ಮಾಡಿದ ಗಿಟಾರು. ಕಡಲ ಗಾಳಿಗೆ ಮೇಲ್ಹಲಗೆ ಉಬ್ಬಿತ್ತು, ಕುತ್ತಿಗೆ ಬಾಗಿತ್ತು. ತಂತಿ ಕಟ್ಟುವ ಮರದ ತುಂಡು ಕಿತ್ತುಬಂದಾಗ ಯಾರೋ ಎರಡು ಸ್ಕ್ರೂ ಬಿಗಿದು ಕೈತೊಳೆದುಕೊಂಡಿದ್ದರು.

"ಇದೇನು ಬಾಗಿಲಾ ಮಾರಾಯ್ರೆ, ಸ್ಕ್ರೂ ಹೊಡೀಲಿಕ್ಕೆ?" ಎಂದು ವಿಷ್ಣುಮೂರ್ತಿ ಸಿಡುಕಿದರು.

ಎರಡು ತಿಂಗಳು ಹಿಡಿಯಿತು. ಸ್ಕ್ರೂ ತೆಗೆದು ತೂತಿಗೆ ಅದೇ ಜಾತಿಯ ಮರ ತುಂಬಿದರು. ಶಾಖ ಕೊಟ್ಟು ಕೊಟ್ಟು ಕುತ್ತಿಗೆ ನೇರ ಮಾಡಿದರು. ಕೊನೆಗೆ ತಂತಿ ಮೀಟಿದಾಗ ಅಡುಗೆಮನೆಯಲ್ಲಿದ್ದ ಅಕ್ಕುವೂ ಹೊರಗೆ ಬಂದರು.

ಹುಟ್ಟುಹಬ್ಬದ ದಿನ ವಿಷ್ಣುಮೂರ್ತಿಯವರನ್ನೂ ಕರೆದಿದ್ದರು. ರಂಜನಿಯ ತಾಯಿ ಕೌಸಲ್ಯಮ್ಮ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಮೂಸಿ ನೋಡಿದರು, ನಕ್ಕರು, ತಂತಿ ಒತ್ತಿದರು. ಸಂಧಿವಾತದಿಂದ ಸೊಟ್ಟಗಾದ ಬೆರಳಿಗೆ ತಂತಿ ಬಗ್ಗಲಿಲ್ಲ. ಟಪ್ ಎಂದು ಸತ್ತ ಸದ್ದು. ಮೂರು ಸಲ ಪ್ರಯತ್ನಿಸಿ ಕೈಬಿಟ್ಟರು.

"ಗಿಟಾರ್ ಚೆನ್ನಾಗಿ ಆಗಿದೆ ಸ್ವಾಮಿ. ರಿಪೇರಿಗೆ ಬಂದಿರೋದು ನಾನು."

"ಪರವಾಯಿಲ್ಲಮ್ಮಾ, ಗೋಡೆಗೆ ಮಾಟ್ಟೋಣ, ಅಳಗಾ ಇರತ್ತೆ," ಎಂದಳು ರಂಜನಿ.

ಗೋಡೆಗೆ ನೇತುಹಾಕಿ ಅಂದ ನೋಡುವ ಮಾತು ಕೇಳಿ ವಿಷ್ಣುಮೂರ್ತಿ ಕೇಸರಿಬಾತಿನ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟರು. ಮನೆಗೆ ಬಂದು ಅಕ್ಕುವಿಗೆ ಎಲ್ಲ ಹೇಳಿದ ಮೇಲೂ ಅದೇ ಗುಂಗು.

"ಅವರ ಕೈಯಲ್ಲಿ ಏನೂ ಹಿಡೀಲಿಕ್ಕೇ ಆಗುದಿಲ್ವಾ?" ಅಕ್ಕು ಕೇಳಿದರು.

"ಕಾಫಿ ಲೋಟ ಗಟ್ಟಿ ಹಿಡಿದಿದ್ರು."

ಹೇಳುತ್ತಿದ್ದಂತೆ ಅವರಿಗೇ ಹೊಳೆಯಿತು. ಹಿಡಿಯಬಲ್ಲ ಕೈಗೆ ತಂತಿ ಒತ್ತುವ ಅಗತ್ಯವೇ ಇಲ್ಲ! ಮರುದಿನವೇ ಗಿಟಾರನ್ನು ವಾಪಸು ತರಿಸಿದರು. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯನ್ನು, ತಾವೇ ನಾಲ್ಕು ದಿನ ಉಜ್ಜಿ ಕೂರಿಸಿದ್ದನ್ನು, ಕಿತ್ತರು. ಆ ಜಾಗದಲ್ಲಿ ಎತ್ತರದ ಹಿತ್ತಾಳೆ ಪಟ್ಟಿ ಹಾಕಿ ತಂತಿಗಳನ್ನು ಕುತ್ತಿಗೆಗೆ ತಾಗದಷ್ಟು ಮೇಲಕ್ಕೆತ್ತಿದರು. ಹಳೆಯ ಸಹೋದ್ಯೋಗಿ ಮೋಹನ್‌ನ ಲೇತ್ ಯಂತ್ರದಲ್ಲಿ ಬೆರಳುದ್ದದ ಉಕ್ಕಿನ ಸರಳು ಮಾಡಿಸಿ ಕನ್ನಡಿಯಂತೆ ಹೊಳೆಯಿಸಿದರು.

"ಮಡಿಲಲ್ಲಿ ಅಡ್ಡ ಮಲಗಿಸಿಕೊಳ್ಳಿ ಅಮ್ಮ. ಒತ್ತುದು ಬೇಡ. ಸರಳನ್ನು ತಂತಿ ಮೇಲೆ ಜಾರಿಸಿದರೆ ಸಾಕು," ಎಂದು ಗಿಟಾರನ್ನು ಕೌಸಲ್ಯಮ್ಮನ ಕೈಗೆ ಕೊಟ್ಟರು.

ಮೊದಲ ಸಲ ಅದು ಬೆಕ್ಕಿನಂತೆ ಕಿರುಚಿತು. ಕೌಸಲ್ಯಮ್ಮ ಬಿದ್ದು ಬಿದ್ದು ನಕ್ಕರು. ಮತ್ತೆ ಜಾರಿಸಿದರು. ಒಂದು ಸ್ವರ ಎಳೆದಷ್ಟು ದೂರ ಬಂತು.

ಮೂರು ವಾರದ ನಂತರ ರಂಜನಿಯ ಫೋನು: "ಸಾರ್, ಆಫೀಸಿಂದ ಅಮ್ಮನಿಗೆ ಕಾಲ್ ಮಾಡಿದ್ರೆ ಎತ್ತೋದೇ ಇಲ್ಲ. ಪ್ರಾಕ್ಟೀಸ್ ಅಂತೆ. ನೀವೇ ಹೇಳಿ."

"ನಾನು ಹೇಳುದಿಲ್ಲಪ್ಪ," ಎಂದರು ವಿಷ್ಣುಮೂರ್ತಿ. ಆ ಭಾನುವಾರ ಅಕ್ಕುವನ್ನು ಕರೆದುಕೊಂಡು ಬೆಸೆಂಟ್ ನಗರಕ್ಕೆ ಹೋಗಿ, ಕೌಸಲ್ಯಮ್ಮ ಒಂದೇ ದೇವರನಾಮವನ್ನು ಏಳು ಸಲ ತಪ್ಪಿ ತಪ್ಪಿ ನುಡಿಸಿದ್ದನ್ನು ಕೂತು ಕೇಳಿದರು.